ಬಲ್ಲ ಕಥೆಯನ್ನು ಮತ್ತೆ ಓದುವದೇಕೆ?

ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ವಾರದಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ನಮ್ಮ ಸಭೆಯ ಚಿಕ್ಕವರನ್ನೂ ದೊಡ್ಡವರನ್ನೂ ಕೂಡಿಸಿಕೊಂಡು ಒಂದು ಕಥೆಯನ್ನು ಓದುವ ವಾಡಿಕೆಯನ್ನು ನಾವು ಕೆಲವು ವರುಷಗಳಿಂದ ಇಟ್ಟುಕೊಂಡಿದ್ದೇವೆ. ಅದು ಇಂಗ್ಲಿಷ್ ಗ್ರಂಥಕರ್ತನಾದ ಚಾರ್ಲ್ಸ್ ಡಿಕನ್ಸ್ ಎಂಬವನು ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’, ಅಂದರೆ ಕ್ರಿಸ್ಮಸ್ ಹಾಡು ಎಂಬ ಹೆಸರಿನ ಸಣ್ಣ ಕಥೆ. ಇಂಗ್ಲಿಷ್ ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟಪುಟವಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇವೆ. ಅದರಲ್ಲಿ ಐದು ಭಾಗಗಳಿರುವದರಿಂದ ಐದು ಸಂಜೆಗಳಿಗೆ ಸರಿಹೋಗುತ್ತದೆ. ಹೋದ ವರುಷ ಮೊದಲನೆಯ ಸಂಜೆಯಲ್ಲಿ, ನಾವು ಪುಸ್ತಕವನ್ನು ತೆರೆಯುತ್ತಿರುವಾಗಲೇ, ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗನು ಎದ್ದುನಿಂತು, “ಉಪದೇಶಿಗಳೇ, ಆ ಮುದುಕನು ಕೊನೆಗೆ ಒಳ್ಳೆಯವನಾಗುತ್ತಾನೆಂದು ನಮಗೆಲ್ಲರಿಗೂ ಗೊತ್ತುಂಟಲ್ಲಾ, ಗೊತ್ತಿರುವ ಕಥೆಯನ್ನು ಮತ್ತೆ ಯಾಕೆ ಓದಬೇಕು?” ಎಂದು ಕೇಳಿದನು. ಕೆಲವರು ನಕ್ಕರು. ಅವನ ತಾಯಿ ಅಂಗಿಯ ತುದಿಯನ್ನು ಹಿಡಿದು ಅವನನ್ನು ಕೂಡ್ರಿಸಿದಳು. ಒಳ್ಳೆಯ ಮಾತನ್ನು ಎಷ್ಟು ಸಲ ಕೇಳಿದರೂ ಒಳ್ಳೆಯದೇ ಎಂದು ನಾವು ಏನೋ ಒಂದು ಉತ್ತರವನ್ನು ಕೊಟ್ಟೆವು. ಆದರೆ ಆ ಉತ್ತರವು ಹುಡುಗನಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ. ಈ ಬರಹವು ಆ ಹುಡುಗನಿಗೆ ನಾವು ತೀರಿಸಬೇಕಾದ ಸಾಲವೆಂದು ವಾಚಕರು ತಿಳಿಯಲಿ.

ಕಥೆಯನ್ನು ಕೇಳದವರ ನಿಮಿತ್ತ ಅದರ ಸಾರವನ್ನು ಮೊದಲು ಹೇಳುವೆವು. ಲಂಡನ್ ಪಟ್ಟಣದಲ್ಲಿ ಎಬೆನೆಜರ್ ಸ್ಕ್ರೂಜ್ ಎಂಬ ಮುದುಕನಾದ ಲೋಭಿಯಿದ್ದನು. ಅವನ ಕೈಕೆಳಗೆ ಬಾಬ್ ಕ್ರಾಚಿಟ್ ಎಂಬ ಗುಮಾಸ್ತನು ವಾರಕ್ಕೆ 15 ಶಿಲ್ಲಿಂಗ್ ಸಂಬಳಕ್ಕೆ ದುಡಿಯುತ್ತಿದ್ದನು. ಕಲ್ಲಿದ್ದಲಿನ ಪೆಟ್ಟಿಗೆಯನ್ನು ಧಣಿಯು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದರಿಂದ ಚಳಿಗಾಲದಲ್ಲಿಯೂ ಗುಮಾಸ್ತನ ಬೆಂಕಿಯು ಒಂದೇ ಕೆಂಡದಷ್ಟಿತ್ತು. ಹಬ್ಬದ ಹಿಂದಿನ ದಿನ ಬಡವರಿಗಾಗಿ ಸಹಾಯ ಬೇಡಲು ಬಂದ ಇಬ್ಬರು ಗೃಹಸ್ಥರನ್ನು ಸ್ಕ್ರೂಜನು, ಸೆರೆಮನೆಗಳೂ ಬಡವರನ್ನು ದುಡಿಸುವ ಮನೆಗಳೂ ಇಲ್ಲವೋ ಎಂದು ಕೇಳಿ ಹಿಂದಕ್ಕೆ ಕಳುಹಿಸಿದನು. ಬಾಗಿಲಲ್ಲಿ ಹಾಡಲು ಬಂದ ಚಿಕ್ಕ ಹುಡುಗನು ಅವನ ಕೈಯಲ್ಲಿದ್ದ ರೂಲುದೊಣ್ಣೆಗೆ ಹೆದರಿ ಓಡಿಹೋದನು. ಆ ರಾತ್ರಿ, ಏಳು ವರುಷಗಳ ಹಿಂದೆ ಸತ್ತಿದ್ದ ಅವನ ಪಾಲುಗಾರ ಮಾರ್ಲಿಯು ಹಣದ ಪೆಟ್ಟಿಗೆ, ಬೀಗ, ಬೀಗದಕೈ, ಲೆಕ್ಕದ ಪುಸ್ತಕ ಇವುಗಳಿಂದಾದ ಸರಪಳಿಯನ್ನು ಎಳೆದುಕೊಂಡು ಬಂದು ಎಚ್ಚರಿಸಿದನು. ಆಮೇಲೆ ಮೂರು ಆತ್ಮಗಳು ಒಂದರ ಹಿಂದೆ ಒಂದು ಬಂದು ಅವನಿಗೆ ಕಳೆದುಹೋದದ್ದನ್ನೂ ಈಗ ನಡೆಯುವದನ್ನೂ ಇನ್ನು ಬರುವದನ್ನೂ ತೋರಿಸಿದವು. ಬೆಳಗಾದಾಗ ಅವನು ಬೇರೆ ಮನುಷ್ಯನಾಗಿ ಎದ್ದನು. ಊರುಗೋಲು ಹಿಡಿದು ನಡೆಯುತ್ತಿದ್ದ ಗುಮಾಸ್ತನ ಮಗ ಪುಟ್ಟ ಟಿಮ್ಮನಿಗೆ ಅವನು ಎರಡನೆಯ ತಂದೆಯಂತಾದನು. ಇಷ್ಟೇ ಕಥೆ.

ಈ ಕಥೆಯು 1843ನೆಯ ಇಸವಿ ದಶಂಬರ 19ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮೊದಲು ಅಚ್ಚಾದ 6,000 ಪ್ರತಿಗಳು ಕ್ರಿಸ್ಮಸ್ ಹಬ್ಬದೊಳಗಾಗಿ ತೀರಿಹೋದವು. ಅದು ಹುಟ್ಟಿದ ಕಾರಣವನ್ನು ತಿಳಿಯುವದು ಒಳ್ಳೆಯದು. ಆ ವರುಷ ಇಂಗ್ಲೆಂಡಿನ ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಮಕ್ಕಳ ಸ್ಥಿತಿಯನ್ನು ಕುರಿತು ಸರಕಾರದ ವಿಚಾರಣಾಮಂಡಲಿಯ ವರದಿಯನ್ನು ಡಿಕನ್ಸನು ಓದಿ ಬಹಳವಾಗಿ ನೊಂದುಕೊಂಡು, ಬಡಮಕ್ಕಳ ಪಕ್ಷವಾಗಿ ಒಂದು ಸಣ್ಣ ಪತ್ರಿಕೆಯನ್ನು ಬರೆಯಬೇಕೆಂದು ಯೋಚಿಸಿದನು. ಸಪ್ಟಂಬರ ತಿಂಗಳಲ್ಲಿ ಲಂಡನ್ನಿನ ಫೀಲ್ಡ್ ಲೇನ್ ಎಂಬಲ್ಲಿ ಚಿಂದಿಬಟ್ಟೆಯ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯನ್ನು ಕಣ್ಣಾರೆ ನೋಡಿದನು. ಅನಂತರ ಪತ್ರಿಕೆಯ ಯೋಚನೆಯನ್ನು ಬಿಟ್ಟು, ಸುಮಾರು ಆರು ವಾರಗಳಲ್ಲಿ ಈ ಕಥೆಯನ್ನು ಬರೆದು ಮುಗಿಸಿದನು. ವಾದವನ್ನು ಕೇಳುವವನು ಪ್ರತಿವಾದವನ್ನು ಸಿದ್ಧಮಾಡಿಕೊಳ್ಳುತ್ತಾನೆ. ಕಥೆಯನ್ನು ಕೇಳುವವನು ಬಾಗಿಲನ್ನು ತೆರೆದೇ ಇಟ್ಟಿರುತ್ತಾನೆ. ಪ್ರವಾದಿಯಾದ ನಾತಾನನು ದಾವೀದನ ಬಳಿಗೆ ಹೋದಾಗ ಮೊದಲು ದೋಷಾರೋಪಣೆಯನ್ನು ಮಾಡದೆ, ಬಡವನ ಒಂದೇ ಕುರಿಮರಿಯ ಕಥೆಯನ್ನು ಹೇಳಿದನಲ್ಲವೇ? ಅರಸನು ಕಥೆಯೊಳಗಿನ ಐಶ್ವರ್ಯವಂತನ ಮೇಲೆ ಸಿಟ್ಟುಗೊಂಡ ಮೇಲೆಯೇ ಆ ಐಶ್ವರ್ಯವಂತನು ತಾನೇ ಎಂದು ಕಂಡುಕೊಂಡನು.

ಡಿಕನ್ಸನಿಗೆ ಬಡತನವು ವರದಿಯ ಮಾತು ಮಾತ್ರವಾಗಿರಲಿಲ್ಲ. 1824ರಲ್ಲಿ ಅವನ ತಂದೆಯು ಸಾಲದ ನಿಮಿತ್ತ ಮಾರ್ಷಲ್ಸೀ ಎಂಬ ಸೆರೆಮನೆಗೆ ಹೋದನು. ಹನ್ನೆರಡು ವರುಷದ ಹುಡುಗನಾದ ಡಿಕನ್ಸನು ಬೂಟುಗಳಿಗೆ ಹಚ್ಚುವ ಕರಿಯನ್ನು ಮಾಡುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾ ವಾರಕ್ಕೆ ಸುಮಾರು 6 ಶಿಲ್ಲಿಂಗ್ ದುಡಿದನು. ಈ ಸಂಗತಿಯನ್ನು ಅವನು ಜೀವಮಾನವೆಲ್ಲಾ ಲೋಕಕ್ಕೆ ಮರೆಮಾಡಿದನು. ಅವನು ಸತ್ತ ಮೇಲೆ ಸ್ನೇಹಿತನಾದ ಫಾರ್ಸ್ಟರನು ಬರೆದ ಚರಿತ್ರೆಯಿಂದಲೇ ಅದು ಜನರಿಗೆ ತಿಳಿಯಿತು. ಹೀಗಿರಲು, ಕಥೆಯನ್ನು ಬರೆಯುವಾಗ ಅವನೂ ತನ್ನ ಬಾಲ್ಯವನ್ನು ಮತ್ತೆ ಓದುತ್ತಿದ್ದನೆಂದು ನಾವು ನೆನಸಿದರೆ ತಪ್ಪಾಗದು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಬಲ್ಲ ಕಥೆಯನ್ನು ಮತ್ತೆ ಕೇಳುವದು ಇಂಗ್ಲಿಷರಿಗೆ ಮಾತ್ರ ಇರುವ ಚಪಲವಲ್ಲ. ನಮ್ಮ ನಾಡಿನ ಜನರು ಚಂದ್ರಹಾಸನ ಪ್ರಸಂಗವನ್ನು ರಾತ್ರಿಯೆಲ್ಲಾ ಕೂತು ನೋಡುವದಿಲ್ಲವೋ? ಕಾಗದದಲ್ಲಿ ಬರೆದ ವಿಷವೆಂಬ ಮಾತು ಹುಡುಗಿಯ ಕೈಯಿಂದ ವಿಷಯೆ ಎಂದಾಗುವದೆಂಬದು ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಆದರೂ ಆ ಗಳಿಗೆ ಬಂದಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಾರೆ. ಕೊನೆಯನ್ನು ತಿಳಿಯುವ ಆಶೆಯಿಂದ ಓದುವದು ಒಂದು ವಿಧದ ಓದು. ಅದು ಒಂದೇ ಸಲಕ್ಕೆ ತೀರಿಹೋಗುತ್ತದೆ. ಎರಡನೆಯ ಓದು ಆರಂಭವಾಗುವದು ಆ ಆಶೆ ತೀರಿದ ಮೇಲೆಯೇ.

ಕೆಲವರು, ಆ ಕಥೆಯಲ್ಲಿ ನಮ್ಮ ಬಾಲ್ಯದ ಹಬ್ಬಗಳ ಪರಿಮಳವುಂಟು, ಆದಕಾರಣ ಓದುತ್ತೇವೆ ಎನ್ನುವರು. ಇದನ್ನು ನಾವು ಹಳಿಯುವದಿಲ್ಲ. ಕ್ರಾಚಿಟನ ಮನೆಯವರು ಒಂದು ಬಾತುಕೋಳಿಯನ್ನು ಹಂಚಿಕೊಂಡು ಮಹಾರಾಜರಂತೆ ತೃಪ್ತರಾದ ಸಂಗತಿಯನ್ನು ಓದುವಾಗ ನಮ್ಮ ತಾಯಿಯು ಸಣ್ಣ ಪಾತ್ರೆಯಲ್ಲಿ ಎಲ್ಲರಿಗೂ ಸಾಲುವಂತೆ ಬಡಿಸಿದ್ದು ನಮಗೆ ನೆನಪಾಗುತ್ತದೆ. ಆದರೂ ಸವಿಯೊಂದೇ ಕಾರಣವಾಗಿದ್ದರೆ ಈ ಕಥೆಯು ಇಷ್ಟು ವರುಷ ಬಾಳುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಸವಿಯಾದ ಕಥೆಗಳು ಬೇಕಾದಷ್ಟು ಹುಟ್ಟಿ ಬೇಕಾದಷ್ಟು ಸತ್ತಿವೆ.

ನಿಜವಾದ ಕಾರಣವನ್ನು ಕಥೆಯೇ ತನ್ನೊಳಗೆ ಇಟ್ಟುಕೊಂಡಿದೆ. ಸ್ಕ್ರೂಜನು ಬದಲಾದದ್ದು ಯಾವ ಉಪಾಯದಿಂದ ಎಂಬದನ್ನು ನೋಡಿರಿ. ಆತ್ಮಗಳು ಅವನಿಗೆ ಹೊಸ ನೀತಿಯನ್ನೇನೂ ಕಲಿಸಲಿಲ್ಲ. ಅವನಿಗೆ ತಿಳಿದದ್ದನ್ನೇ ಮತ್ತೆ ಓದಿಸಿದವು. ಮೊದಲನೆಯ ಆತ್ಮವು ಅವನನ್ನು ಹಳೆಯ ಶಾಲೆಗೆ ಕರೆದುಕೊಂಡು ಹೋಯಿತು. ಎಲ್ಲಾ ಹುಡುಗರೂ ರಜೆಗೆ ಮನೆಗೆ ಹೋಗಿದ್ದಾರೆ; ಒಬ್ಬ ಹುಡುಗನು ಮಾತ್ರ ಯಾರಿಗೂ ಬೇಡದವನಾಗಿ ಮಂದವಾದ ಬೆಂಕಿಯ ಬಳಿಯಲ್ಲಿ ಕೂತು ಪುಸ್ತಕವನ್ನು ಓದುತ್ತಿದ್ದಾನೆ. ಆ ಹುಡುಗನು ಸ್ಕ್ರೂಜನೇ. ಆಗ ಕಿಟಕಿಯ ಹೊರಗೆ ಸೊಂಟದಲ್ಲಿ ಕೊಡಲಿ ಸಿಕ್ಕಿಸಿಕೊಂಡು ಕತ್ತೆಯನ್ನು ಹೊಡೆದುಕೊಂಡು ಅಲಿಬಾಬನು ಕಾಣಿಸುತ್ತಾನೆ! ರಾಬಿನ್ಸನ್ ಕ್ರೂಸೋವಿನ ಗಿಳಿಯೂ ಕಾಣಿಸುತ್ತದೆ. ಬಾಲ್ಯದಲ್ಲಿ ತನಗೆ ಜೊತೆಯಾಗಿದ್ದ ಕಥೆಗಳನ್ನು ಕಂಡು ಆ ಕಠಿಣನಾದ ಮುದುಕನು ನಗುತ್ತಾನೆ, ಅಳುತ್ತಾನೆ. ಕಣ್ಣೊರಸಿಕೊಂಡ ಕೂಡಲೇ ಅವನಿಗೆ ಏನು ನೆನಪಾಯಿತು? ಹಿಂದಿನ ಸಂಜೆ ತನ್ನ ಬಾಗಿಲಲ್ಲಿ ಹಾಡಿ ಹೆದರಿ ಓಡಿದ ಹುಡುಗನು. ಅವನಿಗೆ ಏನಾದರೂ ಕೊಡಬೇಕಾಗಿತ್ತೆಂದು ಮನಸ್ಸು ಚುಚ್ಚಿತು. ಹಾಗೆಯೇ, ತನ್ನ ಹಳೆಯ ಧಣಿಯಾದ ಫೆಜ್ಜಿವಿಗನು ಕೆಲಸಗಾರರೆಲ್ಲರನ್ನು ಕೂಡಿಸಿ ಹಬ್ಬವನ್ನು ಮಾಡಿದ್ದನ್ನು ನೋಡಿದಾಗ, ತನ್ನ ಗುಮಾಸ್ತನ ಸಂಗಡ ಒಂದೆರಡು ಮಾತಾಡಬೇಕೆಂದು ಅವನಿಗೆ ತೋಚಿತು.

ಎರಡನೆಯ ಆತ್ಮವು ಅವನ ಮಾತುಗಳನ್ನೇ ಅವನಿಗೆ ಓದಿ ಹೇಳಿತು. ಪುಟ್ಟ ಟಿಮ್ಮನು ಬದುಕುವನೋ ಎಂದು ಅವನು ಕಳವಳದಿಂದ ಕೇಳಿದಾಗ, ಬಡವರು ಸತ್ತರೆ ಜನಸಂಖ್ಯೆಯು ಕಡಿಮೆಯಾಗುವದೆಂದು ಅವನು ಹಿಂದಿನ ದಿನ ಆಡಿದ್ದ ಮಾತನ್ನೇ ಅವನ ಮುಂದೆ ಇಟ್ಟಿತು. ತನ್ನ ನಿಲುವಂಗಿಯ ಕೆಳಗಿನಿಂದ ಅಜ್ಞಾನ ಮತ್ತು ಕೊರತೆ ಎಂಬ ಎರಡು ಬಡಕಲು ಮಕ್ಕಳನ್ನು ತೋರಿಸಿ, ಅವರಿಗೆ ಆಶ್ರಯವಿಲ್ಲವೋ ಎಂದು ಅವನು ಕೇಳಿದಾಗ, ಸೆರೆಮನೆಗಳಿಲ್ಲವೋ ಎಂಬ ಅವನ ಮಾತನ್ನೇ ತಿರುಗಿಸಿ ಕೊಟ್ಟಿತು. ಆಡಿದಾಗ ಸುಲಭವಾಗಿದ್ದ ಮಾತು ಮತ್ತೆ ಕೇಳುವಾಗ ಸಹಿಸಕೂಡದಂಥದ್ದಾಯಿತು. ಮೂರನೆಯ ಆತ್ಮವು ಬಾಯಿತೆರೆಯಲೇ ಇಲ್ಲ. ಅದು ಬೆರಳಿನಿಂದ ತೋರಿಸಿತು, ಸ್ಕ್ರೂಜನು ಓದಿದನು. ಪಾಳುಬಿದ್ದ ಸಮಾಧಿಯ ಕಲ್ಲಿನ ಮೇಲಿದ್ದದ್ದು ಅವನ ಹೆಸರೇ. ಎಬೆನೆಜರ್ ಎಂಬದು ಸಮುವೇಲನು ದೇವರ ಸಹಾಯದ ಜ್ಞಾಪಕಕ್ಕಾಗಿ ನಿಲ್ಲಿಸಿದ ಕಲ್ಲಿನ ಹೆಸರೆಂದು ವಾಚಕರಿಗೆ ಗೊತ್ತುಂಟು. ಜ್ಞಾಪಕದ ಕಲ್ಲಿನ ಹೆಸರನ್ನು ಹೊತ್ತವನು ಎಲ್ಲವನ್ನೂ ಮರೆತು ಬದುಕಿದನು.

ಆದಕಾರಣ ಹುಡುಗನಿಗೆ ನಾವು ಹೇಳತಕ್ಕ ಮೊದಲನೆಯ ಮಾತೇನಂದರೆ: ಮನುಷ್ಯನು ಒಳ್ಳೆಯದನ್ನು ತಿಳಿಯದೆ ಕೆಡುವದಕ್ಕಿಂತ ತಿಳಿದದ್ದನ್ನು ಮರೆತು ಕೆಡುವದೇ ಹೆಚ್ಚು. ಕಥೆಯು ಹೋದ ವರುಷದಂತೆಯೇ ಇರುತ್ತದೆ. ನಾವು ಹೋದ ವರುಷದಂತೆ ಇರುವದಿಲ್ಲ. ಎಳೆಯರಾಗಿದ್ದಾಗ ನಾವು ಪುಟ್ಟ ಟಿಮ್ಮನ ಪಕ್ಕದಲ್ಲಿ ಕೂತು ಈ ಕಥೆಯನ್ನು ಕೇಳಿದೆವು. ಮದುವೆಯಾಗಿ ಮಕ್ಕಳಾದ ಮೇಲೆ ಬಾಬ್ ಕ್ರಾಚಿಟನ ಚಿಂತೆಯು ನಮಗೆ ತಿಳಿಯಿತು. ಈಗ ನಾಲ್ವತ್ತು ದಾಟುತ್ತಿರುವಾಗ, ಬೀಗದಕೈ ಹಿಡಿದ ಮುದುಕನ ಹೆಜ್ಜೆಯ ಸಪ್ಪಳವು ನಮ್ಮ ಮನೆಯೊಳಗಿಂದಲೇ ಕೇಳಿಸುತ್ತದೆ. ಅಳತೆಯ ಕೋಲು ಬೆಳೆಯುವದಿಲ್ಲ; ಅದರ ಪಕ್ಕದಲ್ಲಿ ನಿಲ್ಲಿಸಲ್ಪಟ್ಟ ಮಗುವಿನ ಎತ್ತರವೇ ಬೇರೆಯಾಗುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಬರಹವು ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಸತ್ಯವು ಅಲ್ಲಿಗೆ ಮುಗಿಯುವದಿಲ್ಲ. ಮತ್ತೆ ಮತ್ತೆ ಓದುವದರಲ್ಲಿ ಒಂದು ದೊಡ್ಡ ಅಪಾಯವೂ ಉಂಟು. ಅದೇನಂದರೆ, ಕಣ್ಣೀರನ್ನು ಕ್ರಿಯೆಯೆಂದು ಎಣಿಸಿಕೊಳ್ಳುವದು. ಪುಸ್ತಕದೊಳಗಿನ ಕುಂಟಮಗುವಿಗಾಗಿ ಅತ್ತವನು ತನ್ನ ಹೃದಯವು ಮೃದುವಾಗಿದೆಯೆಂದು ಸಂತೋಷಪಟ್ಟು, ಬೀದಿಯಲ್ಲಿರುವ ಮಗುವನ್ನು ದಾಟಿಕೊಂಡು ಮನೆಗೆ ಹೋಗಬಲ್ಲನು. ಕನ್ನಡಿಯಲ್ಲಿ ಮುಖವನ್ನು ನೋಡಿ ಹೋಗಿ ಮರೆತುಬಿಡುವ ಮನುಷ್ಯನ ಸಾಮ್ಯವನ್ನು ಯಾಕೋಬನ ಪತ್ರಿಕೆಯಲ್ಲಿ ನಾವು ಓದಿದ್ದೇವಷ್ಟೆ. ಆ ಪುಸ್ತಕದ ಬೆಲೆಯನ್ನೇ ನೋಡಿರಿ. ಅದು 5 ಶಿಲ್ಲಿಂಗಿಗೆ ಮಾರಲ್ಪಟ್ಟಿತು; ಬಾಬ್ ಕ್ರಾಚಿಟನ ವಾರದ ಸಂಬಳದ ಮೂರನೆಯ ಒಂದು ಪಾಲು. ಅವನ ಕಥೆಯನ್ನು ಓದಿ ಅತ್ತವರಲ್ಲಿ ಬಹುಜನರು ಅವನಂಥವರಿಗೆ ಸಂಬಳ ಕೊಡುವವರಾಗಿದ್ದರೇ ಹೊರತು ಅವನಂಥವರಲ್ಲ.

ಬರೆದವನ ಬಾಳಿನಿಂದಲೂ ಇದನ್ನು ಕಲಿಯಬಹುದು. ಡಿಕನ್ಸನು ಈ ಕಥೆಯನ್ನು 1853ರ ದಶಂಬರದಲ್ಲಿ ಬರ್ಮಿಂಗ್ಹ್ಯಾಮ್ ಪಟ್ಟಣದಲ್ಲಿ ಮೊದಲ ಸಾರಿ ಬಹಿರಂಗವಾಗಿ ಓದಿದನು. ಅಲ್ಲಿ ಕೆಲಸಗಾರರಿಗಾಗಿಯೇ ಕಡಿಮೆ ದರದಲ್ಲಿ ಒಂದು ಸಂಜೆಯನ್ನು ಕೇಳಿ ನೇಮಿಸಿಕೊಂಡದ್ದು ಅವನಿಗೆ ಮಾನವೇ ಸರಿ. ಅಂದಿನಿಂದ 1870ರ ಮಾರ್ಚ 15ರ ಕಡೇ ಓದಿನ ವರೆಗೆ ನೂರಕ್ಕಿಂತ ಹೆಚ್ಚು ಸಾರಿ ಜನರ ಮುಂದೆ ಅದನ್ನೇ ಓದಿದನು. ಅದೇ ವರುಷದ ಜೂನ್ 9ರಲ್ಲಿ ತೀರಿಹೋದನು. ಹೀಗೆ ಓದುತ್ತಿದ್ದವನೇ 1858ರಲ್ಲಿ ಹತ್ತು ಮಕ್ಕಳನ್ನು ಹೆತ್ತ ತನ್ನ ಹೆಂಡತಿಯನ್ನು ಅಗಲಿಸಿ, ಆ ಸಂಗತಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ ಅವಳಿಗೆ ನೋವನ್ನುಂಟುಮಾಡಿದನು. ಅವನನ್ನು ತೀರ್ಪುಮಾಡುವದಕ್ಕಾಗಿ ನಾವು ಇದನ್ನು ಬರೆಯುವದಿಲ್ಲ. ಕಥೆಯನ್ನು ಬರೆದು, ಅದನ್ನು ಬಾಯಿಪಾಠವಾಗುವಷ್ಟು ಓದಿದವನಿಗೂ ಓದು ಒಂದೇ ಸಾಲದೆ ಹೋಯಿತೆಂಬದನ್ನು ನಾವು ಮರೆಯಬಾರದೆಂದು ಬರೆಯುತ್ತೇವೆ.

ಅವನ ತಪ್ಪನ್ನು ಹೇಳಿದವರು ನಮ್ಮ ತಪ್ಪನ್ನು ಮುಚ್ಚುವದು ನ್ಯಾಯವಲ್ಲ. ಹೋದ ವರುಷ ಮಳೆಗಾಲಕ್ಕೆ ಮುಂಚೆ ನಮ್ಮ ಸಭೆಯವನೇ ಆದ ಒಬ್ಬ ಕೂಲಿಯವನು ನಮ್ಮ ಮನೆಯ ಒಡೆದ ಹೆಂಚುಗಳನ್ನು ತೆಗೆದು ಹೊಸದನ್ನು ಹಾಕಿಕೊಟ್ಟನು. ಮಾತಾಡಿದ ಕೂಲಿಯಲ್ಲಿ ಅರ್ಧವನ್ನು ಕೊಟ್ಟೆವು. 1,400 ರೂಪಾಯಿ ಉಳಿಯಿತು. ಸಂಬಳ ಬರಲಿ ಎಂದೆವು, ಮಕ್ಕಳ ಶಾಲೆಯ ಖರ್ಚು ತೀರಲಿ ಎಂದೆವು, ಆಮೇಲೆ ಹಬ್ಬ ಕಳೆಯಲಿ ಎಂದೆವು. ನಾವು ಅದನ್ನು ಮರೆತಿರಲಿಲ್ಲ. ಅವನು ಸಂಕೋಚದಿಂದ ಕೇಳದೆ ಇದ್ದದ್ದೇ ನಮಗೆ ಅನುಕೂಲವಾಗಿತ್ತು. ನಾವು ಕೊಟ್ಟ ಹೊಸ ಹೆಂಚಿನ ಕೂಲಿ ಬಾಕಿಯಿರುವ ಮನೆಯಲ್ಲಿಯೇ ಆರು ತಿಂಗಳು ನೆನೆಯದೆ ಮಲಗಿದೆವು. ಕೂಲಿಯ ವಿಷಯದಲ್ಲಿ ಮೋಶೆಯ ಧರ್ಮಶಾಸ್ತ್ರವು ಒಂದು ರಾತ್ರಿಯನ್ನೂ ಬಿಡದೆ ಎಣಿಸುವದೆಂದು ಉಪದೇಶ ಮಾಡುವವರು ನಾವೇ!

ಐದನೆಯ ಸಂಜೆ ಬಂತು. ಕಥೆಯ ಕೊನೆಯ ಭಾಗದಲ್ಲಿ, ಹಬ್ಬದ ಬೆಳಗ್ಗೆ ಸ್ಕ್ರೂಜನು ಬೀದಿಯಲ್ಲಿ ಹೋಗುವಾಗ ತಾನು ಹಿಂದಕ್ಕೆ ಕಳುಹಿಸಿದ್ದ ಗೃಹಸ್ಥನನ್ನು ಕಂಡು ಕ್ಷಮೆ ಬೇಡಿ, ಬಡವರಿಗಾಗಿ ದೊಡ್ಡ ಮೊತ್ತವೊಂದನ್ನು ಅವನ ಕಿವಿಯಲ್ಲಿ ಹೇಳುತ್ತಾನೆ. ಗೃಹಸ್ಥನು ಬೆರಗಾಗಲು, ಇದರಲ್ಲಿ ಬಹಳ ದಿನಗಳ ಬಾಕಿಯೂ ಸೇರಿದೆ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಎಷ್ಟೋ ವರುಷ ಈ ಮಾತನ್ನು ನಾವು ಓದಿ ದಾಟಿಹೋಗಿದ್ದೆವು. ಆ ಸಂಜೆ ಬಾಕಿ ಎಂಬ ಶಬ್ದವು ನಮ್ಮ ಬಾಯಿಂದ ಹೊರಟಾಗ ಕಣ್ಣು ಬಾಗಿಲ ಕಡೆಗೆ ಹೋಯಿತು. ಆ ಕೂಲಿಯವನು ಹಿಂದಿನ ಚಾಪೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು, ಎಲ್ಲರಂತೆ ಕಣ್ಣುಗಳನ್ನು ಒದ್ದೆಮಾಡಿಕೊಂಡು, ನಮ್ಮ ಮುಖವನ್ನೇ ನೋಡುತ್ತಿದ್ದನು. ಅವನ ನೋಟದಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಕಥೆಯನ್ನು ಹೇಗೆ ಮುಗಿಸಿದೆವೋ ತಿಳಿಯದು. ಅದೇ ರಾತ್ರಿ ಅವನ ಮನೆಗೆ ಹೋಗಿ ಹಣವನ್ನು ಕೊಟ್ಟು ತಡವಾದದ್ದಕ್ಕೆ ಕ್ಷಮೆಯನ್ನು ಬೇಡಿದೆವು. “ಹಬ್ಬ ಕಳೆದ ಮೇಲೆ ಕೊಟ್ಟರೂ ಆಗುತ್ತಿತ್ತಲ್ಲಾ, ಅಯ್ಯಾ” ಎಂದು ಅವನು ಹೇಳಿದನು. ಅವನ ಹೆಂಡತಿಯು ಮಾತ್ರ ಏನೂ ಹೇಳದೆ, ದೀಪದ ಹತ್ತಿರ ಹೋಗಿ ಹಣವನ್ನು ಎರಡು ಸಾರಿ ಎಣಿಸಿದಳು. ಆರು ತಿಂಗಳ ನಮ್ಮ ನೆಪಗಳಿಗೆ ಆ ಎಣಿಕೆಯೇ ಉತ್ತರವಾಗಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಸ್ಕ್ರೂಜನು ಹಬ್ಬದ ದಿನ ದೊಡ್ಡ ಟರ್ಕಿಕೋಳಿಯನ್ನು ಕೊಂಡು ಗುಮಾಸ್ತನ ಮನೆಗೆ ಹೆಸರು ಹೇಳದೆ ಕಳುಹಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಕಥೆಯು ಅಲ್ಲಿ ಮುಗಿಯುವದಿಲ್ಲ. ಮರುದಿನ, ಹಬ್ಬದ ಸಡಗರವೆಲ್ಲಾ ಇಳಿದ ಮೇಲೆ, ಬಾಬನು ತಡವಾಗಿ ಕೆಲಸಕ್ಕೆ ಬಂದಾಗ, ಸ್ಕ್ರೂಜನು ಅವನ ಸಂಬಳವನ್ನು ಹೆಚ್ಚಿಸಿ, ಬೆಂಕಿಯನ್ನು ದೊಡ್ಡದು ಮಾಡುವದಕ್ಕೆ ಹೇಳುತ್ತಾನೆ. ಹಬ್ಬದ ದಿನದ ದಾನವು ಉದಾರತೆ. ಮರುದಿನದ ಸಂಬಳವು ನ್ಯಾಯ. ಕೋಳಿಯನ್ನು ಕೊಟ್ಟು ಸಂಬಳವನ್ನು ಹಾಗೆಯೇ ಇಟ್ಟಿದ್ದರೆ ಪುಟ್ಟ ಟಿಮ್ಮನು ಒಂದು ಹೊತ್ತಿನ ಊಟವನ್ನು ಉಂಡು ಮುಂದಿನ ಚಳಿಗೆ ಸಾಯುತ್ತಿದ್ದನು. ನಮ್ಮಲ್ಲಿ ಹಬ್ಬಕ್ಕೆ ಹೊಸ ಬಟ್ಟೆಯನ್ನು ಹಂಚುವವರು ಅನೇಕರುಂಟು. ಹಬ್ಬದ ಮರುದಿನ ಲೆಕ್ಕದ ಪುಸ್ತಕವನ್ನು ತೆರೆದು, ಯಾರ ಕೂಲಿಯು ನಮ್ಮ ಹತ್ತಿರ ಉಳಿದಿದೆ, ಯಾರ ಬೆಂಕಿಯು ನಮ್ಮಿಂದ ಸಣ್ಣದಾಗಿದೆ ಎಂದು ನೋಡುವವರು ಎಷ್ಟು ಮಂದಿ?

ಡಿಕನ್ಸನು ಕೈಯಾರೆ ಬರೆದ ಈ ಕಥೆಯ ಹಸ್ತಪ್ರತಿಯು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಇದೆ. ವರುಷ ವರುಷ ಕ್ರಿಸ್ಮಸ್ ಕಾಲದಲ್ಲಿ ಅದನ್ನು ಜನರಿಗೆ ತೋರಿಸುತ್ತಾರೆ. ಅದರಲ್ಲಿ ಬರೆದವನು ಹೊಡೆದುಹಾಕಿದ ಸಾಲುಗಳೂ ಮೇಲೆ ಸೇರಿಸಿದ ಮಾತುಗಳೂ ತುಂಬಿವೆ. ಅವನೂ ಒಂದೇ ಸಲಕ್ಕೆ ಸರಿಯಾಗಿ ಬರೆಯಲಿಲ್ಲ. ನಾವೂ ಒಂದೇ ಸಲಕ್ಕೆ ಸರಿಯಾಗಿ ಓದುವದಿಲ್ಲ.

ಪ್ರಿಯ ಹುಡುಗನೇ, ನಿನ್ನ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇವೆ. ಆ ಮುದುಕನು ಒಳ್ಳೆಯವನಾಗುವದು ನಿನಗೂ ನಮಗೂ ಗೊತ್ತುಂಟು. ಓದುವ ನಾವು ಏನಾಗುವೆವೆಂಬದು ಇನ್ನೂ ಗೊತ್ತಾಗಲಿಲ್ಲ. ಅದಕ್ಕಾಗಿಯೇ ಮತ್ತೆ ಓದುತ್ತೇವೆ. ಬರುವ ಹಬ್ಬದಲ್ಲಿ ಐದನೆಯ ಸಂಜೆಯ ಭಾಗವನ್ನು ನೀನೇ ಎದ್ದುನಿಂತು ಓದು. ನಾವು ಹಿಂದಿನ ಚಾಪೆಯಲ್ಲಿ, ಬಾಗಿಲ ಹತ್ತಿರ, ಆ ಕೂಲಿಯವನ ಪಕ್ಕದಲ್ಲಿ ಕೂತು ಕೇಳುವೆವು.